ನಾಲಿಗೆ ನೋಡುವ ಮಾಕ್ ಚಿಕ್ಕಪ್ಪ

ಬಂದ ಗಿರಾಕಿಯನ್ನು ಬರಿಗೈಯಲ್ಲಿ ವಾಪಸು ಕಳಿಸುವುದರಲ್ಲಿ ಮಾಕ್ ಚಿಕ್ಕಪ್ಪನಿಗೆ ಸಿಗುತ್ತಿದ್ದ ಸಮಾಧಾನವನ್ನು ಬೇರೆ ಯಾವ ವ್ಯಾಪಾರಿಯ ಮುಖದಲ್ಲೂ ನಾನು ಕಂಡಿಲ್ಲ. ಗುವಾಂಗ್‌ಝೌ ನಗರದ ಹಳೆಯ ಪಡುವಣ ಭಾಗದಲ್ಲಿ, ನಮ್ಮ ಓಣಿ ಕಾಲುವೆಯ ಕಡೆಗೆ ತಿರುಗುವ ಮೂಲೆಯಲ್ಲಿ ಮೈಯ ಉಷ್ಣ ಇಳಿಸುವ ಕಹಿ ಕಷಾಯದ ಅವರ ಅಂಗಡಿ: ಎರಡು ಹಿತ್ತಾಳೆ ಹಂಡೆ, ಗಾಜಿನ ಬಿಲ್ಲೆ ಮುಚ್ಚಿಟ್ಟ ಬಟ್ಟಲುಗಳ ಸಾಲು, ಗೋಡೆಗೆ ಒರಗಿಸಿದ ಒಂದು ಬೆಂಚು. ಬೇಸಿಗೆಯ ನಡುಹಗಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದವನು ಒಂದು ಬಟ್ಟಲು ಕಹಿ ಕೊಡಿ ಎಂದರೆ ಅವರ ಕೈ ಸೌಟಿನ ಕಡೆಗೆ ಹೋಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ನಾಲಿಗೆ ಚಾಚು" ಎನ್ನುತ್ತಿದ್ದರು. ಪೊಲೀಸಿನವನಿರಲಿ, ಮದುವಣಗಿತ್ತಿ ಇರಲಿ, ಚಾಚಲೇಬೇಕು. ನೋಡಿದ ಮೇಲೆ ತೀರ್ಪು: "ನಿಂಗೆ ಉಷ್ಣ ಎಲ್ಲಿ ಬಂತು? ಒಳಗೆಲ್ಲ ಬರೀ ತೇವ. ಇದನ್ನ ಕುಡಿದ್ರೆ ನಾಳೆ ಹೊಟ್ಟೆ ಹಿಡ್ಕೊಂಡು ಕೂತಿರ್ತೀಯ. ನಡಿ ಮನೆಗೆ, ಬಾರ್ಲಿ ಗಂಜಿ ಮಾಡ್ಕೊಂಡು ಕುಡಿ."

ಓಣಿಗೆಲ್ಲ ಚಿಕ್ಕಪ್ಪನಾದ ಅವರ ಮನೆ ಅಂಗಡಿಯ ಮೇಲೆಯೇ, ನಾನು ಅದೇ ಕಟ್ಟಡದಲ್ಲಿ ಅವರ ನೆರೆಯವನು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿ ನಿವೃತ್ತನಾದವನು. ಮಕ್ಕಳ ಬಾಯಿ ಮುಚ್ಚಿಸಿಯೇ ಬದುಕು ಸವೆಸಿದ ನನಗೆ ನಡುಬೀದಿಯಲ್ಲಿ ನಿಂತು ನಾಲಿಗೆ ಹೊರಹಾಕುವುದೆಂದರೆ ಮಾನ ಹೋದಂತೆ ಆಗುತ್ತಿತ್ತು. ಆದ್ದರಿಂದ ಹನ್ನೊಂದು ವರ್ಷ ಅವರ ಅಂಗಡಿಯ ಮುಂದೆಯೇ ಹಾದುಹೋಗಿ, ಎದುರಿನ ಅಂಗಡಿಯಲ್ಲಿ ಸೋಡಾ ಕೊಂಡು ಕುಡಿಯುತ್ತಿದ್ದೆ. ಚಿಕ್ಕಪ್ಪ ಅದನ್ನು ನೋಡುತ್ತಿದ್ದರು. ಸತ್ತವರ ಮನೆಯ ಮುಂದೆ ನಿಂತವರ ಹಾಗೆ ತಲೆ ತಗ್ಗಿಸುತ್ತಿದ್ದರು, ಅಷ್ಟೇ.

ಅವರ ಗುರುತು ಅವರ ತೋಳಿಲ್ಲದ ಅಂಗಿ. ಹತ್ತಿ ತುಂಬಿ ಹೊಲಿದ, ನೀಲಿ ಬಣ್ಣ ಬೂದಿಗೆ ತಿರುಗಿದ ಆ ಅಂಗಿಯನ್ನು ಊರೆಲ್ಲ ಬನಿಯನ್ನಿನಲ್ಲಿ ಕೂತಿರುವ ಕಾಲದಲ್ಲೂ ಅವರು ಹೊಕ್ಕುಳ ಮುಚ್ಚುವಂತೆ ಗುಂಡಿ ಹಾಕಿ ತೊಡುತ್ತಿದ್ದರು, ಏಕೆಂದರೆ ಬೇಸಿಗೆಯಲ್ಲಿ ಮೈಯ ಬಿಸಿಯೆಲ್ಲ ಚರ್ಮಕ್ಕೆ ಬಂದು ಹೊಟ್ಟೆ ತಣ್ಣಗಾಗಿರುತ್ತದೆ, ಆಗ ಅದಕ್ಕೆ ಗಾಳಿ ತಾಕಬಾರದು ಎಂಬುದು ಅವರ ಸಿದ್ಧಾಂತ. ನಡಿಗೆಯೂ ಅದಕ್ಕೆ ತಕ್ಕ ಹಾಗೆ: ಬಿಸಿಲಿನ ಕಡೆಗೂ ಹೋಗದೆ, ನೆರಳಿನ ಆಳಕ್ಕೂ ಇಳಿಯದೆ, ಎರಡೂ ಕೂಡುವ ಗೆರೆಯ ಮೇಲೆ, ತುಂಬಿದ ಬಿಂದಿಗೆ ಹೊತ್ತವರಂತೆ ನಿಧಾನವಾಗಿ. ತಣ್ಣಗಿನ ಪದಾರ್ಥ ಅವರ ತುಟಿ ಸೋಕಿ ನಲವತ್ತು ವರ್ಷವಾಗಿತ್ತಂತೆ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಬೂದುಗುಂಬಳದ ಸಾರು, ಊಟವಾದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗುವುದು, ಮತ್ತು ಯಾವ ಕಾರಣಕ್ಕೂ ಸಿಟ್ಟು ಮಾಡಿಕೊಳ್ಳದಿರುವುದು. ಬೇಸಿಗೆ ಹೃದಯದ ಋತು, ಆ ಋತುವಿನಲ್ಲಿ ಕೋಪ ಬಂದರೆ ನೇರ ಹೃದಯವೇ ಬೇಯುತ್ತದೆ ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಮಗಳು ಕೊಡಿಸಿದ ಫ್ರಿಜ್ಜು ಮೂರನೆಯ ಮಹಡಿಯ ಅವರ ಮನೆಯಲ್ಲಿತ್ತು. ಅದರೊಳಗೆ ಹುಳ ಬೀಳಬಾರದೆಂದು ಬೇರು, ಬೀಜ, ಒಣಹೂವುಗಳನ್ನು ಮಾತ್ರ ಇಡುತ್ತಿದ್ದರು. ಮನುಷ್ಯರು ತಿನ್ನುವ ವಸ್ತುವಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಅವರ ಹೆಂಡತಿ ಮಿಯುಫಾನ್ ಚಿಕ್ಕಮ್ಮನಿಗೆ ಚಳಿಗಾಲದ ದಮ್ಮು. ಚಳಿ ಬಿತ್ತೆಂದರೆ ಮೂರು ಮಹಡಿ ಹತ್ತಲು ಆಕೆಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ ಚಿಕ್ಕಪ್ಪ ಒಂದೊಂದು ಮಣೆ ಇಟ್ಟಿದ್ದರು. ಚಳಿಯ ರೋಗವನ್ನು ಬೇಸಿಗೆಯಲ್ಲೇ ಹಿಡಿಯಬೇಕೆಂಬುದು ನಮ್ಮ ಹಿರಿಯರ ಕಾಲದಿಂದ ಬಂದ ಪದ್ಧತಿ. ಬೇಸಿಗೆಯಲ್ಲಿ ಮೊದಲ ಬೇಗೆ, ನಡುಬೇಗೆ, ಕಡೆಬೇಗೆ ಎಂದು ಪಂಚಾಂಗದಲ್ಲಿ ಮೂರು ಅವಧಿ, ಸಾಮಾನ್ಯವಾಗಿ ಒಂದೊಂದೂ ಹತ್ತು ದಿನ. ಅವು ಶುರುವಾಗುವ ಮೂರು ದಿನವೂ ಮಧ್ಯಾಹ್ನದೊಳಗೆ ಬಿಳಿ ಸಾಸಿವೆಯನ್ನು ಶುಂಠಿರಸದಲ್ಲಿ ಅರೆದು, ನಾಣ್ಯದಗಲ ಬಿಲ್ಲೆ ತಟ್ಟಿ, ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಬೇಕು. ಮೂರೂ ದಿನ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಚಿಕ್ಕಪ್ಪ ಇಪ್ಪತ್ತಾರು ಬೇಸಿಗೆ ಹೆಂಡತಿಯ ಬೆನ್ನಿಗೆ ತಾವೇ ಅಂಟಿಸಿದ್ದರು, ಒಂದು ದಿನವೂ ತಪ್ಪದೆ.

ಇಪ್ಪತ್ತೇಳನೆಯ ಬೇಸಿಗೆಯಲ್ಲಿ, ಮೊದಲ ಬೇಗೆಗೆ ಎರಡು ದಿನವಿರುವಾಗ, ಅವರ ಮನೆಯಲ್ಲಿ ನಾವು ನಾಲ್ವರು ಮಾಜಾಂಗ್ ಎಂಬ ಕಾಯಿಯಾಟ ಆಡುತ್ತಿದ್ದೆವು: ಚಿಕ್ಕಮ್ಮ, ನಾನು, ಹಿಂದೆ ಅಂಚೆಯಲ್ಲಿದ್ದ ಫುಂಗ್, ಮತ್ತು ಬಾಯಿಗೆ ಬೀಗವಿಲ್ಲದ ಪೂನಕ್ಕ. ಕಲ್ಲಂಗಡಿ ತಂದವಳು ಪೂನಕ್ಕ. ಬೇರುಗಳನ್ನು ಸರಿಸಿ ಫ್ರಿಜ್ಜಿನಲ್ಲಿ ಇಟ್ಟವಳೂ ಆಕೆಯೇ. ಹೋಳುಗಳು ಬಂದವು, ಚಿಕ್ಕಮ್ಮ ಒಂದನ್ನು ಎತ್ತಿಕೊಂಡು ಅರ್ಧ ತಿಂದಿರಬೇಕು, ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆಗೆಂದು ಚಿಕ್ಕಪ್ಪ ಮೇಲೆ ಬಂದರು. ಬಾಗಿಲಲ್ಲೇ ನಿಂತು ಹೆಂಡತಿಯ ಕೈಯಲ್ಲಿದ್ದ ಕೆಂಪು ಹೋಳನ್ನು ನೋಡಿದರು. ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನಾಲಿಗೆ ಚಾಚು."

ಪೂನಕ್ಕ ಕಿಸಕ್ಕನೆ ನಕ್ಕಳು. ನಗಬಾರದಿತ್ತು. ಚಿಕ್ಕಮ್ಮ ಹೋಳನ್ನು ತಟ್ಟೆಗಿಟ್ಟು, ಎದ್ದು ಕೈ ತೊಳೆದುಕೊಂಡು ಬಂದು ಕೂತು, ತಣ್ಣಗೆ ಹೇಳಿದಳು: "ನಾನು ನಿನ್ನ ಗಿರಾಕಿ ಅಲ್ಲ." ಅದೇ ಕೊನೆ, ಆಮೇಲೆ ಗಂಡನ ಜೊತೆ ಮಾತಿಲ್ಲ.

ಮೊದಲ ಬೇಗೆಯ ದಿನ ಅಂಗಡಿಯ ಮುಂದೆ ಓಣಿಯ ಮುದುಕರೆಲ್ಲ ಬೆನ್ನು ಬಿಟ್ಟುಕೊಂಡು ಸಾಲಾಗಿ ಕೂತಿದ್ದರು. ಅವರನ್ನೆಲ್ಲ ಕಾಯಿಸಿ ಚಿಕ್ಕಪ್ಪ ಮೊದಲು ಬಟ್ಟಲು ಹಿಡಿದು ಮೇಲೆ ಹೋದರು. ಚಿಕ್ಕಮ್ಮ ಕುರ್ಚಿಯನ್ನು ಗೋಡೆಗೆ ಒತ್ತಿ, ಬೆನ್ನನ್ನು ಗೋಡೆಗೆ ಆನಿಸಿ ಕೂತಿದ್ದಳು. ಮಧ್ಯಾಹ್ನದವರೆಗೂ ಅವರು ಬಟ್ಟಲು ಹಿಡಿದು ನಿಂತೇ ಇದ್ದರಂತೆ. ಆಕೆ ಅವರೆಕಾಳು ಬಿಡಿಸುತ್ತಿದ್ದಳಂತೆ. ಅರೆದದ್ದು ಒಣಗಿತು.

ನಡುಬೇಗೆಯ ದಿನ ಅವರು ನನ್ನನ್ನು ಕರೆದರು. "ಮೇಷ್ಟ್ರೇ, ಇದನ್ನ ಅವಳಿಗೆ ಕೊಟ್ಟು ಬನ್ನಿ. ನಾನು ಕಳಿಸಿದ್ದು ಅಂತ ಹೇಳ್ಬೇಡಿ."

"ಮತ್ತೆ ಯಾರು ಕಳಿಸಿದ್ದು ಅಂತ ಹೇಳ್ಲಿ?"

"ಶುಂಠಿ ಕಳಿಸಿದ್ದು ಅನ್ನಿ!" ಎಂದು ಸಿಡುಕಿದರು.

ಚಿಕ್ಕಮ್ಮ ಬಟ್ಟಲನ್ನು ಮೂಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟಳು. "ನನ್ನ ಬೆನ್ನಿಗೆ ನನ್ನ ಕೈ ಎಟಕಲ್ಲ, ಅದು ಆ ಮುದುಕನಿಗೂ ಗೊತ್ತು. ಬೀದೀಲಿ ಯಾರಿಗೆ ಏನು ಬೇಕಾದ್ರೂ ಅನ್ಲಿ. ನನ್ನ ಮನೇಲಿ, ನನ್ನ ಸ್ನೇಹಿತರ ಎದುರಿಗೆ ನಾಲಿಗೆ ಚಾಚು ಅಂದ. ಅದೇ ಸ್ನೇಹಿತರ ಎದುರಿಗೆ ತಪ್ಪಾಯ್ತು ಅನ್ಲಿ."

ಕೆಳಗೆ ಬಂದು ಹೇಳಿದೆ. "ತಪ್ಪು ನಂದಾ? ಕಲ್ಲಂಗಡಿ ತಿಂದವಳು ಅವಳು!" ಎಂದು ಚಿಕ್ಕಪ್ಪ ಕೂಗಿದ್ದು ಕಾಲುವೆಯ ಆಚೆ ದಡಕ್ಕೆ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಂಚಿನ ಮೇಲಿದ್ದ ಇಬ್ಬರು ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದರು.

ಆ ವರ್ಷದ ಪಂಚಾಂಗದಲ್ಲಿ ನಡುಬೇಗೆ ಹತ್ತರ ಬದಲು ಇಪ್ಪತ್ತು ದಿನ. ಆ ಇಪ್ಪತ್ತು ದಿನವನ್ನು ಚಿಕ್ಕಪ್ಪ ಹೇಗೆ ಕಳೆದರೆಂಬುದಕ್ಕೆ ನಾನೇ ಸಾಕ್ಷಿ. ಮಧ್ಯಾಹ್ನದ ನಿದ್ದೆ ತಪ್ಪಿತು. ನೆರಳಿನ ಗೆರೆ ಬಿಟ್ಟು ಬಿಸಿಲಿನ ನಡುವೆಯೇ ನಡೆದರು. ಗಿರಾಕಿಗಳ ನಾಲಿಗೆ ನೋಡುವುದನ್ನೇ ಮರೆತು ಕೇಳಿದವರಿಗೆಲ್ಲ ಸುರಿದು ಕೊಟ್ಟರು. ವ್ಯಾಪಾರ ಹಿಂದೆಂದೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ. ಒಂದು ದಿನ ಅವರು ಮೆಟ್ಟಿಲಿನ ಮಣೆಗಳನ್ನು ಒಂದೊಂದಾಗಿ ತಿರುಗಿಸಿ, ಸಡಿಲವಾದ ಕಾಲುಗಳಿಗೆ ಮೊಳೆ ಹೊಡೆಯುತ್ತಿದ್ದುದನ್ನು ಕಂಡೆ. ಚಳಿಗಾಲಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ನನಗೆ ನಿಜವಾಗಿ ಮರುಕವಾದದ್ದು ಆಗ.

ಕಡೆಬೇಗೆಯ ದಿನ ಹನ್ನೊಂದು ಗಂಟೆಗೆ ಅದೇ ಮೇಜು, ಅದೇ ನಾಲ್ವರು. ಪೂನಕ್ಕ ಹಟಕ್ಕೆ ಮತ್ತೊಂದು ಕಲ್ಲಂಗಡಿ ತಂದಿದ್ದಳು. ಚಿಕ್ಕಮ್ಮ ಅದನ್ನು ಮುಟ್ಟಿರಲಿಲ್ಲ. ಚಿಕ್ಕಪ್ಪ ಬಂದರು. ಎಡಗೈಯಲ್ಲಿ ಬಟ್ಟಲು, ಶುಂಠಿಯ ಘಾಟು ಅವರಿಗಿಂತ ಮುಂಚೆ ಒಳಗೆ ಬಂದಿತ್ತು. ಚಿಕ್ಕಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ತಪ್ಪಾಯಿತೆಂಬ ಮಾತು ಚಿಕ್ಕಪ್ಪನ ಬಾಯಿಗೆ ಅಭ್ಯಾಸವಿರಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟು, ತಟ್ಟೆಯಿಂದ ಒಂದು ತಣ್ಣನೆಯ ಹೋಳು ಎತ್ತಿಕೊಂಡು, ನಮ್ಮೆಲ್ಲರ ಎದುರಿಗೆ ನಿಂತು ತಿನ್ನತೊಡಗಿದರು. ಹಲ್ಲು ಜುಮ್ಮೆಂದು ಮುಖ ಕಿವುಚಿತು. ಬಿಡಲಿಲ್ಲ, ಬಿಳಿ ಸಿಪ್ಪೆ ಕಾಣುವವರೆಗೆ ತಿಂದರು. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, ಕೆಂಪಾದ ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿ ನಿಂತರು.

ಫುಂಗ್ ಕೈಯಲ್ಲಿದ್ದ ಕಾಯಿ ಕೆಳಗಿಡಲು ಮರೆತ. ಪೂನಕ್ಕನೂ ಈ ಸಲ ನಗಲಿಲ್ಲ.

ಚಿಕ್ಕಮ್ಮ ಆ ನಾಲಿಗೆಯನ್ನು ನೋಡಿದಳು. "ಒಳಗೆ ಹಾಕ್ಕೋ. ನಿನ್ನ ನಾಲಿಗೆ ನೋಡಿ ನಂಗೇನಾಗ್ಬೇಕು," ಎಂದಳು. ಕುರ್ಚಿಯನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ, ಕುಪ್ಪಸದ ಹಿಂಭಾಗವನ್ನು ಸಡಿಲಿಸಿದಳು. "ಶುಂಠಿ ಜಾಸ್ತಿ ಹಾಕಿದ್ದೀಯ, ವಾಸನೇಲೇ ಗೊತ್ತಾಗತ್ತೆ. ಹೋದ ವರ್ಷ ಸುಟ್ಟು ಬೊಬ್ಬೆ ಬಂದಿತ್ತು."

"ಅದು ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ," ಎಂದರು ಚಿಕ್ಕಪ್ಪ. ಬಿಲ್ಲೆಗಳು ಸರಿಯಾದ ಜಾಗಕ್ಕೇ ಕೂತವು.

ಮರುದಿನ ಅಂಗಡಿ ತೆರೆಯಲಿಲ್ಲ. ಚಿಕ್ಕಪ್ಪನ ಹೊಟ್ಟೆ ಕೆಟ್ಟಿತ್ತು. ನೋಡಲು ಹೋದರೆ, ಹೆಂಡತಿ ಮಾಡಿಕೊಟ್ಟ ಶುಂಠಿ ಗಂಜಿ ಕುಡಿಯುತ್ತ, ಗೆದ್ದವರ ಮುಖ ಹೊತ್ತು ಮಲಗಿದ್ದರು. "ನೋಡಿದ್ರಾ ಮೇಷ್ಟ್ರೇ? ನಲವತ್ತು ವರ್ಷದಿಂದ ಬಡ್ಕೋತಾ ಇದೀನಿ, ಒಬ್ರಾದ್ರೂ ಕೇಳಿದ್ರಾ?"

ಒಂದೇ ದಿನದ ಲೇಪ ಆ ಚಳಿಗಾಲಕ್ಕೆ ಎಷ್ಟು ಆಸರೆಯಾಯಿತೆಂದು ನಾನು ಹೇಳಲಾರೆ. ಚಿಕ್ಕಮ್ಮ ಎಲ್ಲ ಮಣೆಗಳ ಮೇಲೂ ಕೂತೇ ಮೇಲೆ ಬರುತ್ತಿದ್ದಳು. ಅವಳು ಕೂತಾಗಲೆಲ್ಲ ಒಂದು ಮೆಟ್ಟಿಲು ಕೆಳಗೆ ಅಂಗಿಯ ಗುಂಡಿ ಹಾಕಿಕೊಂಡ ಚಿಕ್ಕಪ್ಪನೂ ಕೂರುತ್ತಿದ್ದರು, ತಮಗೇ ದಣಿವಾದವರಂತೆ.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆಂದು ಕಾಣುತ್ತದೆ. ಅಕ್ಕರೆಯ ಮಾತು ಆಡಲು ಇವರಿಗೆ ಬರುವುದಿಲ್ಲ. ತಣ್ಣಗಿನದು ತಿನ್ನಬೇಡ, ಗಾಳಿಗೆ ಬೆನ್ನು ಕೊಡಬೇಡ, ಬೆವರಿದ ಮೈಯಲ್ಲಿ ಸ್ನಾನ ಮಾಡಬೇಡ ಎಂದು ಜೀವಮಾನವಿಡೀ ಬೇಡಗಳನ್ನೇ ಹೇಳುತ್ತ ಹೋಗುತ್ತಾರೆ, ನಾವು ಅದನ್ನು ಕಾಟವೆಂದು ತಿಳಿದು ಎದುರಿನ ಅಂಗಡಿಗೆ ಹೋಗುತ್ತೇವೆ. ಲೋಕದ ಶೀತ ಉಷ್ಣಗಳನ್ನೆಲ್ಲ ತೂಗಬಲ್ಲ ಇವರಿಗೆ ತಮ್ಮ ಮನೆಯಲ್ಲೇ ತಕ್ಕಡಿ ತಪ್ಪುತ್ತದೆ. ತಪ್ಪಿದಾಗ ಸರಿಮಾಡಲು ತಾವು ನಂಬಿದ್ದನ್ನೇ ಮುರಿದು ನುಂಗಬೇಕಾಗುತ್ತದೆ, ಮತ್ತು ನುಂಗುತ್ತಾರೆ. ಈಗ ಬೇಸಿಗೆ ಬಂದರೆ ನಾನು ಸೋಡಾ ಅಂಗಡಿಗೆ ಹೋಗುವುದಿಲ್ಲ. ಮೂಲೆಯ ಅಂಗಡಿಯ ಮುಂದೆ ನಿಂತು, ಅವರು ಕೇಳುವ ಮೊದಲೇ ನಾಲಿಗೆ ಚಾಚುತ್ತೇನೆ.