ಹೊಸದು ಕೆಳಗೆ, ಹಳೆಯದು ಮೇಲೆ

ಕಿಟಕಿಯ ಬಿಸಿಲು ಜಾರಿ ಜಾರಿ ಈಗ ಬ್ಯಾಗಿನ ಝಿಪ್ಪಿನ ಮೇಲೆ ಬಂದು ಕೂತಿದೆ, ಒಂದೊಂದು ಹಲ್ಲೂ ಮಿನುಗುತ್ತಿದೆ, ಬಾಯಿ ಬಿಟ್ಟುಕೊಂಡು ನಗುವ ಹಾಗೆ — ನಗಲಿ, ಅದಕ್ಕೇನು, ಹೊಸ ಬ್ಯಾಗು, ಇನ್ನೂ ಧೂಳು ಕಂಡಿಲ್ಲ, ಅಂಗಡಿಯ ರಬ್ಬರು ವಾಸನೆಯೂ ಬಿಟ್ಟಿಲ್ಲ, ಒಂದಲ್ಲ ಎರಡು, ನಡುವೆ ಅಗಲವಾದ ಪಟ್ಟಿ, ಪಟ್ಟಿಯನ್ನು ಸೀಟಿನ ಮೇಲೆ ಹಾಸಿದರೆ ಬಲಕ್ಕೊಂದು ಎಡಕ್ಕೊಂದು ಜೋತುಬೀಳುತ್ತವೆ, ಮೋಟಾರ್ ಸೈಕಲ್ಲಿಗೆ ಎರಡು ಕಿವಿ ಬಂದ ಹಾಗೆ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮಂಚದ ತುಂಬ ಬಟ್ಟೆ, ನಾಳೆ ಬೆಳಗಾಗುವಷ್ಟರಲ್ಲಿ ಇದೆಲ್ಲ ಆ ಕಿವಿಗಳೊಳಗೆ ಹೋಗಬೇಕು. ಹೆಂಡತಿ ಗ್ಯಾರೇಜಿಗೆ ಹೋಗಿದ್ದಾಳೆ, ಚೈನು ಬಿಗಿ ಮಾಡಿಸಿ, ಬ್ರೇಕು ನೋಡಿಸಿಕೊಂಡು ಸಂಜೆಗೆ ಬರುತ್ತಾಳೆ. ಹೋಗುವಾಗ ಹೇಳಿದ್ದು ಇಷ್ಟೇ, ಟೀ ಲೋಟ ತೊಳೆಯುತ್ತ, ತಿರುಗಿಯೂ ನೋಡದೆ — ರೀ, ಬಲಗಡೆ ಬ್ಯಾಗು ನಂದು, ಎಡಗಡೆದು ನಿಮ್ಮದು, ನೀವು ಬರೋದಾದ್ರೆ. ಬರಲ್ಲ ಅಂದ್ರೆ ಅದಕ್ಕೂ ನನ್ನ ಸಾಮಾನೇ ತುಂಬಿ, ಒಂದು ಕಡೆ ಖಾಲಿ ಇದ್ರೆ ಗಾಡಿ ವಾಲುತ್ತೆ. ನಾನು ಬರೋ ಹೊತ್ತಿಗೆ ಯಾವುದೋ ಒಂದಾಗಿರ್ಲಿ, ಆಯ್ತಾ? ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಜಗಳ ಆಡಿ, ಮುಖ ಊದಿಸಿಕೊಂಡು, ಆ ನೆಪದಲ್ಲೇ ಮನೆಯಲ್ಲಿ ಉಳಿದುಬಿಡಬಹುದಿತ್ತು. ಇವಳೋ, ಲೋಟ ಬೋರಲು ಹಾಕಿ, ಸೆರಗಿನ ಬದಲು ಷರ್ಟಿನ ತುದಿಗೆ ಕೈ ಒರೆಸಿಕೊಂಡು, ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ತೋಳಿಗೆ ನೇತುಹಾಕಿಕೊಂಡು ಹೊರಟೇಹೋದಳು.

ಬರಲ್ಲ. ಅಷ್ಟೇ. ತೀರ್ಮಾನ ಆಗಿಹೋಯಿತು, ಆಗಿ ಮನಸ್ಸು ಹಗುರವೂ ಆಯಿತು, ಇನ್ನು ಕೈ ಕೆಲಸ, ಕೈ ಕೆಲಸ ಅಂದರೆ ಅವನಿಗೆ ಹಬ್ಬ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ತಲೆ ಬೆಳ್ಳಗಾದವನು, ನರ್ಸುಗಳ ಬಾಯಲ್ಲಿ ಚಾದರದಣ್ಣ, ಚಾದರದಣ್ಣ ನಾಲ್ಕು ದಿಂಬಿನ ಚೀಲ, ಚಾದರದಣ್ಣ ಬೇಗ, ಡಾಕ್ಟ್ರು ಕೂಗಾಡ್ತಿದಾರೆ — ಕೂಗಾಡಲಿ, ಬಟ್ಟೆಗೆ ಅವಸರ ಗೊತ್ತಿಲ್ಲ, ಅಂಚಿಗೆ ಅಂಚು ಕೂಡಬೇಕು, ಅಂಗೈಯಿಂದ ಒಮ್ಮೆ ಸವರಬೇಕು, ಆಮೇಲೆ ಮಡಿಸಬೇಕು. ಅಮ್ಮ ಹಾಗೇ ಮಡಿಸುತ್ತಿದ್ದಳು, ಹಗ್ಗದಿಂದ ಒಣಗಿದ ಬಟ್ಟೆ ತಂದು ರಾಶಿ ಹಾಕಿ, ಬಾಯಲ್ಲಿ ಪದ್ಯ, ಒಂದು ಸಾಲು ಮುಗಿಯುವಾಗ ಒಂದು ಮಡಿಕೆ, ಪದ್ಯ ಮುಗಿಯುವಾಗ ಒಂದು ಬಟ್ಟೆ, ಅರ್ಥ ಕೇಳಿದರೆ ನಗುತ್ತಿದ್ದಳು, ಅರ್ಥ ತಾನಾಗಿ ಬರುತ್ತೆ, ನೀನು ಕಿವಿ ಕೊಡು ಸಾಕು. ಕೊಟ್ಟ. ಇವತ್ತಿಗೂ ಕೈ ಮಡಿಸುವಾಗ ಒಳಗೆ ಆ ನಡಿಗೆ ಕೇಳುತ್ತದೆ, ಮಾತೆಲ್ಲ ಮರೆತುಹೋಗಿದೆ, ನಡಿಗೆ ಮಾತ್ರ ಉಳಿದಿದೆ, ಎತ್ತಿ ಇಳಿಸಿ, ಎತ್ತಿ ಇಳಿಸಿ. ಮೊದಲು ಮಳೆಕೋಟು. ಕಳೆದ ವಾರ ತಂದದ್ದು, ಗರಿಗರಿ ಹೊಸದು, ಅದು ತಳಕ್ಕೆ, ಮತ್ತೆ ಯೋಚಿಸುವ ಮಾತೇ ಇಲ್ಲ, ಹೊಸದು ಕೆಳಗೆ ಹಳೆಯದು ಮೇಲೆ, ಕೋಣೆಯ ಕಪಾಟುಗಳಿಗೆಲ್ಲ ಅದೇ ಕಾಯಿದೆ, ಒಗೆದು ಬಂದ ಹೊಸ ಚಾದರ ಅಡಿಗೆ ತಳ್ಳು, ಹಳೆಯದನ್ನು ಮೇಲಿಂದ ಕೊಡು, ಇಲ್ಲವಾದರೆ ಹಳೆಯದು ಅಲ್ಲೇ ಕೊಳೆಯುತ್ತೆ. ಅದರ ಮೇಲೆ ದಪ್ಪ ಪ್ಯಾಂಟು, ಅದರ ಮೇಲೆ ಅವಳ ಮೀಟರ್ ಡ್ಯೂಟಿಯ ನೀಲಿ ಷರ್ಟು, ಕತ್ತಿನ ಪಟ್ಟಿ ಸವೆದಿದೆ, ಬಿಸಾಡೇ ಅಂದರೆ ಬಿಸಾಡುವವಳಲ್ಲ, ಇದು ಹಾಕ್ಕೊಂಡ್ರೆ ನಾಯಿಗಳು ಗುರುತು ಹಿಡಿಯುತ್ವೆ ರೀ ಅನ್ನುತ್ತಾಳೆ, ಅಷ್ಟು ದೂರದ ನಾಯಿಗಳಿಗೆ ಇವಳ ಗುರುತು ಎಲ್ಲಿಂದ ಬರಬೇಕು.

ಊರಿನ ಗಲ್ಲಿಗಲ್ಲಿಗೂ ಅವಳು ಮೀಟರಮ್ಮ. ಮದುವೆಯಾದ ಹೊಸದರಲ್ಲೇ ಆ ಕೆಲಸ, ಅಂದಿನಿಂದ ಮೋಟಾರ್ ಸೈಕಲ್ಲೇ ಕಾಲು, ಯಾರ ಮನೆಯಲ್ಲಿ ಮೆಟ್ಟಿಲ ಕೆಳಗೆ ಮೀಟರಿದೆ, ಯಾರ ಮನೆಯಲ್ಲಿ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾರೆ, ಎಲ್ಲ ಬಾಯಿಪಾಠ. ಈಗ ರಜೆ ಹಾಕಿ ಅಣೆಕಟ್ಟು ನೋಡಬೇಕಂತೆ, ಮೂರು ದಿನದ ದಾರಿ, ಬೆಟ್ಟ ಹತ್ತಿ ಇಳಿದು. ಅಲ್ಲ ಕಣೇ, ಅಣೆಕಟ್ಟಲ್ಲಿ ನೋಡೋದೇನಿದೆ, ಗೋಡೆ, ನೀರು. ಅಲ್ಲ ರೀ, ಇಷ್ಟು ವರ್ಷ ಮನೆಮನೆಗೂ ಹೋಗಿ ಕರೆಂಟು ಎಷ್ಟು ಬಂತು ಅಂತ ಬರ್ಕೊಂಡೆ, ಅದು ಹುಟ್ಟೋ ಮನೆಗೆ ಒಂದ್ಸಲ ಹೋಗ್ಬೇಡ್ವಾ? ಮುಂದಿನ ವರ್ಷ ಹೋಗೋಣ, ಅಂದಿದ್ದ. ಪ್ರತಿ ವರ್ಷವೂ ಅಂದಿದ್ದ, ಅವಳೂ ಪ್ರತಿ ವರ್ಷ ಹೂಂ ಅಂದಿದ್ದಳು, ಈ ವರ್ಷ ಹೂಂ ಅನ್ನಲಿಲ್ಲ, ಬ್ಯಾಗು ತಂದಳು. ಒಂದು ಟವೆಲ್ಲು, ಎರಡು ಜೊತೆ ಕಾಲುಚೀಲ — ಮೂರಿರಲಿ, ಒದ್ದೆ ಕಾಲುಚೀಲದಷ್ಟು ದರಿದ್ರ ಇನ್ನೊಂದಿಲ್ಲ — ಟಾರ್ಚು, ಮಂಡಿ ನೋವಿನ ಮುಲಾಮು, ಸೂಜಿ ದಾರ, ಉದ್ದನೆಯ ಹಗ್ಗ. ಗ್ಯಾರೇಜಿನವನು ನಿನ್ನೆ ಕೊಟ್ಟ ಗಂಟು ಬೇರೆ, ಒಂದು ಕ್ಲಚ್ ಕೇಬಲ್ಲು, ಒಂದು ಸ್ಪಾರ್ಕ್ ಪ್ಲಗ್ಗು, ಪಂಕ್ಚರ್ ಸಾಮಾನು, ಜೊತೆಗೆ ಉಪದೇಶ, ಅಣ್ಣ, ಭಾರದ್ದೆಲ್ಲ ತಳಕ್ಕೆ, ಎರಡು ಕಡೆ ಸಮ ಇರ್ಬೇಕು, ಅರ್ಜೆಂಟಿಗೆ ಬೇಕಾಗೋದು ಮೇಲೆ. ಬಟ್ಟೆ ಇಡುವುದನ್ನು ತನಗೆ ಹೇಳಿಕೊಡುತ್ತಾನೆ! ಗ್ರೀಸಿನ ಕೈಯವನು! ಫೋನು ಬಡಿದುಕೊಂಡಿತು, ತಂಗಿ. ಅಣ್ಣಾ, ಅತ್ತಿಗೆ ಗಾಡಿ ಬಿಡ್ತಾಳೆ, ನೀನು ಹಿಂದೆ ಸೊಂಟ ಹಿಡ್ಕೊಂಡು ಕೂತಿರ್ತೀಯಂತೆ, ಒಂದು ಫೋಟೋ ಕಳ್ಸು, ಕಟ್ಟು ಹಾಕಿಸಿ ಹಾಲಲ್ಲಿ ನೇತು ಹಾಕ್ತೀನಿ. ನಾನು ಹೋಗ್ತೀನಿ ಅಂತ ಯಾರು ಹೇಳಿದ್ದು ನಿಂಗೆ? ಹೋಗಲ್ವಾ? ಹಾಗಾದ್ರೆ ಆ ಸೀಟು ಖಾಲಿ ತಾನೆ, ನಾನು ಹೋಗ್ಲಾ? ಇಡೇ ಫೋನು. ಇಟ್ಟಳು, ನಗುತ್ತಲೇ ಇಟ್ಟಳು, ಆ ನಗು ಇನ್ನೂ ಕೋಣೆಯಲ್ಲಿ ಉಳಿದಿದೆ, ಕೇಳಲು ಹಿತವಾಗಿಯೇ ಇದೆ, ಆದರೆ ಅವಳು ಹೋಗ್ಲಾ ಅಂದಾಗ ಎದೆಯಲ್ಲಿ ಏನೋ ಚುರುಕ್ ಅಂದದ್ದು ಯಾಕೆ?

ಹೆದರಿಕೆ ಅಂತ ಇವರೆಲ್ಲ ತಿಳಿದಿದ್ದಾರೆ, ಹೆದರುಪುಕ್ಕಲ, ಮನೆಹುಳ, ಹೊಸಿಲು ದಾಟಿದರೆ ತಲೆಸುತ್ತು. ಇರಲಿ, ಹಾಗೇ ತಿಳಿಯಲಿ. ರಸ್ತೆಯನ್ನು ಅವನು ಕಂಡದ್ದು ಬಟ್ಟೆಯಲ್ಲಿ. ದಿನಾ ಮಧ್ಯಾಹ್ನ ತುರ್ತು ವಾರ್ಡಿನಿಂದ ರಸ್ತೆಯಲ್ಲಿ ಬಿದ್ದವರ ಬಟ್ಟೆಯ ಗಂಟು ಇಳಿಯುತ್ತಿತ್ತು, ಬಿಚ್ಚಿ ವಿಂಗಡಿಸುವ ಕೆಲಸ ಬೇರೆಯವರದು, ಆದರೆ ಆ ಗಂಟನ್ನು ಮಾತ್ರ ಇವನೇ ಬಿಚ್ಚುತ್ತಿದ್ದ, ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಡಾಂಬರು ಮೆತ್ತಿದ ಚಾದರ, ಕತ್ತರಿಯಿಂದ ಸೀಳಿ ತೆಗೆದ ಪ್ಯಾಂಟು, ಯಾರದೋ ಒಂಟಿ ಕಾಲುಚೀಲ — ಅದರ ನಡುವೆ ಬೆರಳಾಡಿಸುತ್ತ ಹುಡುಕುವುದು ಒಂದನ್ನೇ, ನೀಲಿ ಷರ್ಟಿನ ತುಂಡು. ಇಲ್ಲ. ದೇವರೇ, ಇವತ್ತೂ ಇಲ್ಲ. ಆಮೇಲೆ ಹೋಗಿ ಕೈ ತೊಳೆದು ಊಟದ ಡಬ್ಬಿ ಬಿಚ್ಚಿದರೆ ಅನ್ನದ ಒಂದೊಂದು ಅಗುಳೂ ಪ್ರಸಾದ, ಸಂಜೆ ಅವಳು ಬಂದು ಗಾಡಿ ನಿಲ್ಲಿಸಿ ಏನ್ರೀ ಹೊಸ ವಿಷಯ ಅಂದರೆ ಏನಿಲ್ವೇ ಅಂತಿದ್ದ, ಏನಿಲ್ಲ ಅನ್ನುವುದಕ್ಕಿಂತ ದೊಡ್ಡ ಸುದ್ದಿ ಆ ದಿನ ಇನ್ನಾವುದಿತ್ತು. ಅವಳಿಗೆ ಇದು ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಹೋದ ಭಾನುವಾರ ಸುಮ್ನೆ ಒಂದು ರೌಂಡು ಬನ್ನಿ ಅಂತ ಹತ್ತಿಸಿಕೊಂಡು ಊರಾಚೆಯ ಸೇತುವೆವರೆಗೆ ಹೋದಳು, ಕಣ್ಣು ಮುಚ್ಚಿದ್ದ, ಬಿಗಿಯಾಗಿ, ಚಿಕ್ಕ ಮಕ್ಕಳು ಔಷಧಿ ಕುಡಿಯುವಾಗಿನ ಹಾಗೆ, ಗಾಳಿ ಮಾತ್ರ ಕಿವಿಯಲ್ಲಿ, ಎತ್ತಿ ಇಳಿಸಿ, ಅದಕ್ಕೂ ಒಂದು ನಡಿಗೆ ಇದೆಯಲ್ಲ ಅನ್ನಿಸಿ, ಆ ಬೆರಗಿನಲ್ಲಿ ರೆಪ್ಪೆ ತಾನಾಗಿ ತೆರೆಯಿತು — ಎದುರಿಗೆ ಅವಳ ಕುತ್ತಿಗೆ. ರಸ್ತೆಯಲ್ಲ, ಲಾರಿಯಲ್ಲ, ಹೆಲ್ಮೆಟ್ಟಿಗೂ ಷರ್ಟಿನ ಪಟ್ಟಿಗೂ ನಡುವೆ ನಾಲ್ಕು ಬೆರಳಗಲದ ಕುತ್ತಿಗೆ, ಬಿಸಿಲಿಗೆ ಕಂದಿದ ಗೆರೆ, ಗೆರೆಯ ಕೆಳಗೆ ಬೆಳ್ಳಗೆ, ಬೆವರಿಗೆ ಅಂಟಿಕೊಂಡ ಒಂದು ನರೆಗೂದಲು. ಇಷ್ಟು ವರ್ಷ ಜೊತೆಗಿದ್ದೂ ಅಲ್ಲೊಂದು ಜಾಗ ಇದೆ ಅಂತ ಗೊತ್ತಿರಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡ.

ಎಡಗಡೆಯ ಬ್ಯಾಗಿಗೆ ಅವಳ ಸ್ವೆಟರು, ಅವಳ ಕಂಬಳಿ, ಅವಳ ಚಪ್ಪಲಿ ಕಾಗದದಲ್ಲಿ ಸುತ್ತಿ, ಎರಡು ಕೈಯಲ್ಲೂ ಎತ್ತಿ ತೂಗಿ ನೋಡಿದ, ಸಮ. ಸರಿಹೋಯಿತು. ಅವಳು ಹೋಗಿ ಬರಲಿ, ಫೋನು ಮಾಡುತ್ತಾಳೆ, ತಾನು ಇಲ್ಲಿ ಸೊಪ್ಪು ಬೇಯಿಸಿಕೊಂಡು, ಗಿಡಕ್ಕೆ ನೀರು ಹಾಕಿಕೊಂಡು, ಮಧ್ಯಾಹ್ನ ಗಂಟು ಬಿಚ್ಚಿ — ಬಿಚ್ಚಿ? ಕೈ ನಿಂತಿತು. ಆ ದಾರಿಯ ಗಂಟು ಇಲ್ಲಿಗೆ ಬರುವುದಿಲ್ಲ. ಬೆಟ್ಟದಾಚೆ ಯಾವುದೋ ಊರು, ಯಾವುದೋ ಆಸ್ಪತ್ರೆ, ಅಲ್ಲಿಯ ಬಟ್ಟೆ ಕೋಣೆಯಲ್ಲಿ ಯಾವನೋ ಒಬ್ಬ, ನೀಲಿ ತುಂಡು ಕಂಡರೂ ಅವನಿಗೆ ಅದು ಬರೀ ಬಟ್ಟೆ, ಒಗೆಯುವ ರಾಶಿಗೆ ಎಸೆದು ಟೀ ಕುಡಿಯಲು ಹೋಗುತ್ತಾನೆ. ಇಲ್ಲಿ ತಾನು ಏನಿಲ್ಲ ಅಂದುಕೊಂಡು ಡಬ್ಬಿ ಬಿಚ್ಚುತ್ತಿರುತ್ತಾನೆ. ಛೆ, ಎಂಥ ಯೋಚನೆ, ಬಿಡು ಬಿಡು, ಝಿಪ್ಪು ಎಳೆದ, ಹಲ್ಲಿಗೆ ಹಲ್ಲು ಕೂಡಿ ನಗು ಮುಚ್ಚಿತು. ಅಷ್ಟರಲ್ಲಿ ಗೇಟಿನ ಸದ್ದು, ಇಂಜಿನ್ನಿನ ಸದ್ದು, ಚೈನು ಬಿಗಿಯಾಗಿದೆ, ಕೇಳಿದರೇ ಗೊತ್ತಾಗುತ್ತೆ, ಅವಳು ಒಳಗೆ ಬಂದು ಉಬ್ಬಿದ ಎರಡು ಬ್ಯಾಗನ್ನೂ ನೋಡಿದಳು. ಅವನನ್ನು ನೋಡಲಿಲ್ಲ. ಎಡಗಡೆಯದನ್ನು ಒತ್ತಿ ನೋಡಿದಳು, ಮೆತ್ತಗಿದೆ, ಕಂಬಳಿ. ಓ, ಅಂದಳು. ಆ ಓ ಎಷ್ಟು ಚಿಕ್ಕದಿತ್ತೆಂದರೆ ಅದನ್ನು ಮಡಿಸಲಿಕ್ಕೂ ಆಗುತ್ತಿರಲಿಲ್ಲ. ಸರಿ ಬಿಡಿ, ಮಳೆಕೋಟು ಎಲ್ಲಿಟ್ರಿ? ತಳದಲ್ಲಿ. ತಳದಲ್ಲಾ? ಹೊಸದಲ್ವಾ, ಹೊಸದು ಕೆಳಗೆ... ಮಾತು ಮುಗಿಯುವ ಮೊದಲೇ ಅವಳಿಗೆ ನಗು, ಸೊಂಟಕ್ಕೆ ಕೈ ಕೊಟ್ಟು ನಗು, ಅಯ್ಯೋ ನನ್ನ ಚಾದರದ ದೊರೆ, ಮಳೆ ಬಂದಾಗ ನಾನು ರಸ್ತೆ ಮಧ್ಯ ಪ್ಯಾಂಟು, ಮುಲಾಮು, ಕಾಲುಚೀಲ ಎಲ್ಲ ಹರಡಿ ಸಂತೆ ಇಡ್ಲಾ? ಮಳೆಗೆ ನಿಮ್ಮ ಕಪಾಟಿನ ರೂಲ್ಸು ಯಾರ್ರೀ ಹೇಳ್ಬೇಕು? ಹೌದಲ್ಲ. ಗ್ರೀಸಿನ ಕೈಯವನು ಹೇಳಿದ್ದು ಸರಿಯೇ. ತಾನೂ ನಕ್ಕ. ನಗುತ್ತಲೇ ಅವಳು ಬಲಗಡೆಯ ಬ್ಯಾಗಿನ ತಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಮಳೆಕೋಟನ್ನು ಎಳೆದು, ಮಂಚದ ಮೇಲೆ ಒದರಿದಳು, ಒದರಿದರೆ ಒಂದರೊಳಗಿನಿಂದ ಇನ್ನೊಂದು ಜಾರಿ ಬಿತ್ತು.

ಅಂಗಡಿಯಿಂದ ಎರಡು ತಂದಿದ್ದಳಲ್ಲ. ದೊಡ್ಡದು ಅವನದು. ಆಪರೇಷನ್ ಕೋಣೆಗೆ ಗೌನು ಕಳಿಸುವಾಗ ಮಾಡುವ ಹಾಗೆ ಒಂದರ ತೋಳಿನೊಳಗೆ ಇನ್ನೊಂದರ ತೋಳು ಸೇರಿಸಿ, ಅಂಚಿಗೆ ಅಂಚು ಕೂಡಿಸಿ, ಒಂದೇ ಮಡಿಕೆ ಮಾಡಿ ಇಟ್ಟಿದ್ದಾನೆ, ಯಾರು, ತಾನೇ, ಯಾವಾಗ, ಪದ್ಯದ ನಡಿಗೆ ಕೇಳುತ್ತಿದ್ದಾಗ, ಬರಲ್ಲ ಅಂತ ತೀರ್ಮಾನ ಆಗಿ ಮನಸ್ಸು ಹಗುರವಾಗಿದ್ದಾಗ, ಎಲ್ಲಕ್ಕಿಂತ ಮೊದಲು. ಕೈಗಳನ್ನು ನೋಡಿಕೊಂಡ. ಏನೂ ತಿಳಿಯದವರ ಹಾಗೆ ತೊಡೆಯ ಮೇಲೆ ಕೂತಿದ್ದವು. ಅವಳು ದೊಡ್ಡ ಕೋಟನ್ನು ಎತ್ತಿ ಅವನ ಹೆಗಲಿಗೆ ಹಿಡಿದು ಅಳತೆ ನೋಡಿದಳು, ತುಟಿ ಕಚ್ಚಿಕೊಂಡಳು, ಏನೋ ಹೇಳುತ್ತಾಳೆ ಅಂದುಕೊಂಡ, ಹೇಳಿದ್ದು ಇಷ್ಟೇ — ಹಾಗಾದ್ರೆ ಆ ಕಂಬಳಿ ತೆಗೀರಿ, ನಿಮ್ಮ ಷರ್ಟಿಗೆ ಜಾಗ ಬೇಕಲ್ಲ. ತೆಗೆದ. ತನ್ನ ಎರಡು ಷರ್ಟು ಮಡಿಸಿಟ್ಟ, ಕನ್ನಡಕದ ಡಬ್ಬಿ, ಉಣ್ಣೆ ಟೋಪಿ, ಎಲ್ಲಕ್ಕೂ ಮೇಲೆ ಮಳೆಕೋಟು. ಎರಡೂ. ಬನ್ನಿ, ಕೂತು ನೋಡಿ, ತೂಕ ಹೇಗಿದೆ ಗೊತ್ತಾಗ್ಲಿ. ಅಂಗಳದಲ್ಲಿ ಬಿಸಿಲು ಇಳಿದು ಗೋಡೆ ಬೆಚ್ಚಗಿದೆ, ಬ್ಯಾಗುಗಳು ಜೋತುಬಿದ್ದಿವೆ, ಅವಳು ಹತ್ತಿ ಕೂತು ಹ್ಯಾಂಡಲ್ ನೆಟ್ಟಗೆ ಮಾಡಿ ಕಾಲೂರಿದ್ದಾಳೆ, ಅವನು ಬ್ಯಾಗಿಗೆ ತಾಗದ ಹಾಗೆ ಕಾಲೆತ್ತಿ ದಾಟಿಸಿ, ಮಂಡಿ ಕಟ್ ಅಂದಿತು, ಅನ್ನಲಿ, ಕೂತ. ಗಾಡಿ ಒಮ್ಮೆ ಕುಗ್ಗಿ ಮೇಲೆದ್ದಿತು. ವಾಲ್ತಾ ಇದ್ಯಾ? ಇಲ್ವೇ. ಭಯ ಆಗ್ತಿದ್ಯಾ? ಆಗ್ತಿದೆ. ನಂಗೂ, ಅಂದಳು ಅವಳು, ಮುಂದೆ ನೋಡುತ್ತಲೇ, ನಂಗೂ ಸ್ವಲ್ಪ. ಇವಳಿಗೂ! ಎಷ್ಟು ವರ್ಷದಿಂದ, ಯಾವ ಗಲ್ಲಿಯಲ್ಲಿ, ತಾನು ಗಂಟು ಬಿಚ್ಚುವ ಹೊತ್ತಿಗೆ ಇವಳೂ ಎಲ್ಲೋ — ಚಾದರ, ಡಾಂಬರು, ಕತ್ತರಿ ಹಾಕಿದ ಬಟ್ಟೆ, ಕಣ್ಣೆದುರಿಗೆ ಬಂದವು, ಬಂದು ಹೋಗಲಿಲ್ಲ, ಅಲ್ಲೇ ದೂರ ನಿಂತವು, ಅವಕ್ಕೂ ಈ ಗಾಡಿಗೂ ನಡುವೆ ಇಷ್ಟು ಜಾಗ, ಕಣ್ಣು ಮುಚ್ಚೋಣ ಅಂದುಕೊಂಡ, ರೆಪ್ಪೆ ಇಳಿಯಲಿಲ್ಲ, ನಾಳೆ ಬೆಟ್ಟ, ನಾಡಿದ್ದು ಇನ್ನೊಂದು ಬೆಟ್ಟ, ಆಮೇಲೆ ಗೋಡೆ, ನೀರು, ಕರೆಂಟು ಹುಟ್ಟುವ ಮನೆ, ಅಲ್ಲಿವರೆಗೂ ನೋಡಲಿಕ್ಕೆ ಎದುರಿಗೆ ಇರುವುದು — ಕಂದಿದ ಗೆರೆ, ಗೆರೆಯ ಕೆಳಗೆ ಬೆಳ್ಳಗೆ, ನಾಲ್ಕು ಬೆರಳಗಲ, ಒಂದು ನರೆಗೂದಲು