ಶೀಶೆಯ ಮೇಲಿನ ಸುಳ್ಳು

ನಾನು ಒಂದು ಕೃತಕ ಕವಾಟ. ಇಂಗಾಲದ ಎರಡು ರೆಕ್ಕೆ, ಸುತ್ತ ಬಟ್ಟೆಯ ಅಂಚು. ಉಂಗುರಕ್ಕಿಂತ ತುಸು ದೊಡ್ಡವನು. ಹುಟ್ಟಿದ್ದು ಧೂಳು ಸುಳಿಯದ ಕಾರ್ಖಾನೆಯಲ್ಲಿ. ಬದುಕಿದ್ದು ಧಾರವಾಡದ ನೀಲಾಂಬಿಕೆಯ ಹೃದಯದಲ್ಲಿ. ಬಾಲ್ಯದ ಜ್ವರವೊಂದು ಆಕೆಯ ಸ್ವಂತ ಕವಾಟವನ್ನು ಕೆಡಿಸಿತ್ತು. ವೈದ್ಯರು ಆ ಜಾಗದಲ್ಲಿ ನನ್ನನ್ನು ಹೊಲಿದು, "ಇದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಮಾತ್ರೆ ಒಂದು ದಿನವೂ ತಪ್ಪಬಾರದು" ಎಂದರು.

ಮುಚ್ಚಿಕೊಳ್ಳುವಾಗಲೆಲ್ಲ ನಾನು 'ಟಿಕ್' ಎನ್ನುತ್ತಿದ್ದೆ. ನೀಲಾಂಬಿಕೆ ಅಂಧ ಮಕ್ಕಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದಳು. ನನ್ನೊಡನೆ ಸ್ಟುಡಿಯೋಗೆ ಹೋದ ಮೊದಲ ದಿನವೇ ಧ್ವನಿಮುದ್ರಣ ಮಾಡುವ ಇಮಾಮಸಾಬರು ಗಾಜಿನಾಚೆಯಿಂದ ಕೈಯೆತ್ತಿದರು.

"ಬಾಯಾರ, ಕೈಗಡಿಯಾರ ತಗದಿಡ್ರಿ."

"ತಗದಿಡಾಕ ಬರೂದಿಲ್ರೀ ಸಾಹೇಬ್ರ, ಎದಿಯಾಗ ಹೊಲದಾರ!"

ಅವರು ನಕ್ಕು ಮೈಕನ್ನು ಒಂದು ಗೇಣು ಹಿಂದೆ ಸರಿಸಿದರು. ಏಳು ವರ್ಷ ನಾನು ಒಂದು ಸಲವೂ ತಪ್ಪಲಿಲ್ಲ.

ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದವನು ಗಂಡ ಶಿವಯೋಗಿ. ಸಂಜೆಯ ಚಹಾದ ಬಳಿಕ ಅವನ ಅಂಗೈ, ಅವಳ ಬಾಯಿ. ಅವಳು ಒಮ್ಮೆಯೂ ಕಣ್ಣಿಟ್ಟು ನೋಡಲಿಲ್ಲ.

ಒಂದು ಆಷಾಢದಲ್ಲಿ ರಕ್ತ ನನ್ನ ಅಂಚಿಗೆ ಅಂಟತೊಡಗಿತು. ಮೊದಲು ನೂಲಿನೆಳೆ, ಬಳಿಕ ಪಾಚಿ, ಆಮೇಲೆ ಗಂಟು. ಒಂದು ರೆಕ್ಕೆ ಕದಲದಾಯಿತು. ಇವಳೇ ನನ್ನನ್ನು ಮರೆತಳೆ? ಕೂಗೋಣವೆಂದರೆ ದನಿಯೇ ಉಡುಗಿತ್ತು.

ಇಮಾಮಸಾಬರು ಹೆಡ್‌ಫೋನ್ ಕೆಳಗಿಳಿಸಿದರು. "ಬಾಯಾರ, ಗಡಿಯಾರ ಎಲ್ಲೈತಿ?"

"ಕೇಳವಲ್ದೇನ್ರಿ? ಛಲೋ ಆತಲ್ಲ!" ನಗಲು ಹೋದವಳು ಉಸಿರು ಸಾಲದೆ ಮೇಜು ಹಿಡಿದಳು. ಅವರು ಓದು ಮುಗಿಸಗೊಡಲಿಲ್ಲ. ನೇರ ಆಸ್ಪತ್ರೆಗೆ ಕರೆದೊಯ್ದರು.

"ಕವಾಟದ ಮೇಲೆ ಹೆಪ್ಪು ಕೂತಿದೆ. ಈಗಲೇ ಎದೆ ತೆರೆಯಬೇಕು" ಎಂದರು ಶಸ್ತ್ರವೈದ್ಯೆ.

ಓಡಿಬಂದ ಶಿವಯೋಗಿ ಗಾಲಿಮಂಚದ ಮೇಲೆ ಬಾಗಿದ. "ಆ ಮಾತ್ರಿ ಮುಂದ ಹುಟ್ಟೂ ಕೂಸಿಗೆ ಕೆಡಕು ಅಂತ ಡಾಕ್ಟರ್ ಅಂದಿದ್ರಲ್ಲ ನೀಲಾ... ಆರು ವಾರದಿಂದ ಡಬ್ಬ್ಯಾಗ ಬ್ಯಾರೆ ಮಾತ್ರಿ ಹಾಕೀನಿ. ನಮಗೂ ಒಂದು ಕೂಸು ಆಗ್ಲಿ ಅಂತ."

ನನ್ನ ಸುತ್ತಲಿನ ಹೃದಯ ಒಮ್ಮೆ ಮುಷ್ಟಿ ಕಟ್ಟಿತು.

"ಮಾತ್ರೆ ಯಾಕೆ ತಪ್ಪಿತಮ್ಮ?" ಶಸ್ತ್ರವೈದ್ಯೆ ಕೇಳಿದರು.

ಹೇಳು ನೀಲಾ, ಈಗಲಾದರೂ ಹೇಳು! ನಾನು ಕಾದೆ.

"ನಾನ ಮರತಿದ್ನಿರಿ."

ಹೆಪ್ಪಿನೊಡನೆ ನನ್ನನ್ನೂ ಕತ್ತರಿಸಿ ತೆಗೆದು ಹೊಸಬನನ್ನು ಹೊಲಿದರು. ಅವಳು ಬದುಕಿದಳು. ನಾನೀಗ ವೈದ್ಯಕೀಯ ಕಾಲೇಜಿನ ಕಪಾಟಿನಲ್ಲಿ, ಶೀಶೆಯ ದ್ರವದೊಳಗಿದ್ದೇನೆ. ಮೇಲೊಂದು ಚೀಟಿ: 'ರೋಗಿಯ ಮರೆವಿನಿಂದ ಹೆಪ್ಪುಗಟ್ಟಿದ ಕವಾಟ.' ವಿದ್ಯಾರ್ಥಿಗಳು ಅದನ್ನೇ ಬರೆದುಕೊಂಡು ಹೋಗುತ್ತಾರೆ.

ಹೋದ ವಾರ ಅವಳು ನನ್ನನ್ನು ನೋಡಲು ಬಂದಳು. ಪಾಠ ಓದುವ ದನಿಯಲ್ಲೇ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಹಿಂದಿನಿಂದ ಶಿವಯೋಗಿ ಅಂಗೈ ಚಾಚಿದ. "ನೀಲಾ, ಮಾತ್ರಿ ಹೊತ್ತಾತು."

"ಡಬ್ಬಿ ಇತ್ತ ಕೊಡ್ರಿ. ಇನ್ನ ನನ್ನ ಹತ್ರ ಇರ್ಲಿ."

ತನ್ನ ಚೀಲದಿಂದ ತಾನೇ ಕೊಂಡ ಮಾತ್ರೆ ತೆಗೆದು, ಅದರ ಹೆಸರು ಓದಿ, ನುಂಗಿದಳು. ಚಾಚಿದ ಅಂಗೈ ಹಾಗೇ ಉಳಿಯಿತು. ಅವಳೆದೆಯಲ್ಲಿ ಹೊಸಬ 'ಟಿಕ್' ಎಂದ.

ಚೀಟಿಯನ್ನು ಮಾತ್ರ ಅವಳೂ ತಿದ್ದಿಸಲಿಲ್ಲ.