ಎರಡನೆಯ ಬೈಕು

ಸಾಲಿನಲ್ಲಿ ಎರಡನೆಯ ಬೈಕು ಯಾರದಾಗಬೇಕು ಎಂಬುದು ಒಂದು ಸಂಸಾರದ ಮಾನಕ್ಕೆ ಸಂಬಂಧಿಸಿದ ವಿಚಾರ. ಪೆಟ್ರೋಲ್ ಬಂಕಿನ ಮುಂದೆ ನಿಂತು ಅವಸರದಲ್ಲಿ ತೀರ್ಮಾನಿಸುವಂಥದ್ದಲ್ಲ. ಆದರೂ ಅಲ್ಲೇ ತೀರ್ಮಾನವಾಯಿತು. ತಿಂಗಳಿಗೊಮ್ಮೆ ಬೈಕಿನಲ್ಲಿ ಪ್ರಯಾಣ ಹೊರಡುವ ಆ ಗುಂಪಿನ ಪದ್ಧತಿ ಸರಳ: ಮುಂದೆ ಮುಖಂಡರಾದ ಮೇಷ್ಟ್ರು, ಅವರ ಬೆನ್ನಿಗೇ ಎಲ್ಲರಿಗಿಂತ ಹೊಸಬರು. ಮೇಷ್ಟ್ರು ಆ ಹೊಸಬರನ್ನು ಕನ್ನಡಿಯಲ್ಲಿ ನೋಡಿಕೊಂಡು ತಮ್ಮ ವೇಗ ಹಿಡಿಯುತ್ತಾರೆ.

"ನಿಮ್ಮಿಬ್ಬರಲ್ಲಿ ಹೊಸಬ್ರು ಯಾರಪ್ಪಾ?" ಎಂದು ಮೇಷ್ಟ್ರು ಅಂದು ಹೊಸದಾಗಿ ಸೇರಿದ ಗಂಡ ಹೆಂಡತಿಯನ್ನು ಕೇಳಿದರು.

"ಇವಳೇ ಸಾರ್," ಎಂದ ದರ್ಜಿ, ಹೆಂಡತಿಯ ಕಡೆ ನೋಡದೆ.

ಅವನು ಬೈಕು ಕಲಿತು ಇನ್ನೂ ತಿಂಗಳು ತುಂಬಿರಲಿಲ್ಲ. ಹೆಂಡತಿ ನರ್ಸು, ಮದುವೆಗೂ ಮುಂಚಿನಿಂದ ರೋಗಿಗಳ ಮನೆಮನೆಗೆ ಬೈಕಿನಲ್ಲೇ ತಿರುಗಿದವಳು. ಈಗ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದರಲ್ಲಿ ತೀರಾ ಮಗ್ನಳಾದಳು.

"ಹೆದರ್ಕೋಬೇಡಿ ತಾಯೀ, ಹಿಂದೆ ನಾವಿದೀವಿ," ಎಂದ, ಕೊನೆಯ ಬೈಕಿನಲ್ಲಿದ್ದ ಮೇಷ್ಟ್ರ ಭಾವಮೈದ.

ಘಾಟಿಯಲ್ಲಿ ಪದ್ಧತಿ ತನ್ನ ಕೆಲಸ ಮಾಡಿತು. ಮೇಷ್ಟ್ರ ಕನ್ನಡಿಯಲ್ಲಿ 'ಹೊಸಬಳು' ಗೆರೆ ಎಳೆದ ಹಾಗೆ ಬರುತ್ತಿದ್ದಳು. ಅವರು ಖುಷಿಯಾಗಿ ವೇಗ ಹೆಚ್ಚಿಸಿದರು. ಅವಳ ಕನ್ನಡಿಯಲ್ಲಿ ಮಾತ್ರ ಗಂಡ ಪ್ರತಿ ತಿರುವಿನಲ್ಲೂ ರಸ್ತೆಯ ಆಚೆ ಬದಿಗೆ ಜಾರುತ್ತಿದ್ದ. ನೀರಿನಾಳ ನೋಡುವವನ ಹಾಗೆ ಎರಡೂ ಕಾಲು ಇಳಿಬಿಟ್ಟಿದ್ದ. ಮುಂದಿನವರ ಜೊತೆ ಸಮ ಬರಲೇಬೇಕೆಂಬ ಹಟ ಬೇರೆ.

ಎದುರಿನಿಂದ ಬಂದ ಲಾರಿಯೊಂದು ಅವಳನ್ನು ದಾಟಿ ಹಿಂದಿನ ತಿರುವಿಗೆ ಹೊರಳಿತು. ಹಾರನ್ನು ಬಡಿದುಕೊಂಡಿತು, ನಿಲ್ಲಲಿಲ್ಲ. ಕನ್ನಡಿಯಲ್ಲಿ ಬರೀ ರಸ್ತೆ. ಎಷ್ಟೋ ಹೊತ್ತಾದಂತೆ ಅನ್ನಿಸಿದ ಮೇಲೆ ಅವನು ಕಾಣಿಸಿಕೊಂಡ, ಮಣ್ಣಿನ ಅಂಚಿನಿಂದ ಓಲಾಡುತ್ತ ಮೇಲೇರಿ.

ಅಲ್ಲಿಂದ ಅವಳು ಬಹಳ ನಾಜೂಕಾಗಿ, ಕೆಟ್ಟದಾಗಿ ಓಡಿಸತೊಡಗಿದಳು. ಬೇಡವಾದಲ್ಲಿ ಬ್ರೇಕು ಹಿಡಿದಳು. ತಿರುವಿನಲ್ಲಿ ತತ್ತರಿಸಿದಳು. ಏರಿನಲ್ಲಿ ಒಮ್ಮೆ ಇಂಜಿನ್ನು ಆರಿಸಿಯೂ ಬಿಟ್ಟಳು. ಮೇಷ್ಟ್ರು ನಿಟ್ಟುಸಿರಿಟ್ಟು ವೇಗ ಇಳಿಸಿದರು. ಇಡೀ ಸಾಲು ನೆಗಡಿಯಾದ ಬಸವನಹುಳುವಿನಂತೆ ಬೆಟ್ಟ ಹತ್ತಿತು.

ಮೇಲೆ ಟೀ ಅಂಗಡಿಯ ಮುಂದೆ ಮೇಷ್ಟ್ರು, "ಬೇಜಾರು ಮಾಡ್ಕೋಬೇಡಮ್ಮಾ. ಮೊದ್ಲು ಚೆನ್ನಾಗೇ ಬರ್ತಿದ್ದೆ. ಆಮೇಲೇನಾಯ್ತು?" ಎಂದು ಕೇಳಿದರು.

"ಭಯ ಆಯ್ತು ಸಾರ್."

"ಹೆಂಗಸ್ರಿಗೆ ಸ್ಕೂಟರೇ ಸರಿ. ಅಲ್ವೇನಪ್ಪಾ?" ಭಾವಮೈದ ದರ್ಜಿಯ ಬೆನ್ನು ತಟ್ಟಿದ.

ದರ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೆಂಡತಿ ಅವನ ಬಾಯಿಯನ್ನೇ ನೋಡುತ್ತ ಕಾದಳು. ಅವನು ಆರಿಹೋಗಿದ್ದ ಟೀಯನ್ನೇ ಊದಿದ.

ಮುಂದಿನ ತಿಂಗಳ ಪ್ರಯಾಣಕ್ಕೆ ಕರೆ ಬಂದದ್ದು ದರ್ಜಿಗೆ ಮಾತ್ರ.